ಗರಗಸಕ್ಕೂ ಒಂದು ವ್ಯಾಕರಣ

ಮಲೆನಾಡಿನ ಕಾಡನ್ನು ಹಾಡಿದ ಕವಿಯ ಹೆಸರು ಹೊತ್ತ ಕುವೆಂಪುನಗರದಲ್ಲಿ ಮರ ಕೊಯ್ಯುವ ಯಂತ್ರವೊಂದು ಕಿರಿಚಿದರೆ ನೆರೆಹೊರೆಯವರು ಹುಬ್ಬುಗಂಟಿಕ್ಕುವುದು ನ್ಯಾಯವೇ. ಅದೂ ಕನ್ನಡ ಅಧ್ಯಾಪಕನ ಹಿತ್ತಿಲಿನಿಂದ! ಆದರೆ ಓದುಗರು ಗಾಬರಿಪಡಬೇಕಾದುದಿಲ್ಲ. ನನ್ನಿಂದ ಆಪತ್ತಿಗೆ ಗುರಿಯಾದುದು ಮರವಲ್ಲ, ಯಂತ್ರವೇ.

ಸೋಮವಾರಪೇಟೆಯ ಕಡೆ ನಮ್ಮ ಭಾವನವರಿಗೆ ಚಿಕ್ಕದೊಂದು ಕಾಫಿ ತೋಟವಿದೆ. ಮಳೆಗಾಲಕ್ಕೆ ಮುನ್ನ ಮರಗಸಿ ಮುಗಿಯಬೇಕು. ಅವರ ಚೈನ್ ಸಾ ಸೊರಗಿದೆಯೆಂದು ದುರಸ್ತಿಗಾಗಿ ನಮ್ಮ ಮನೆಯಲ್ಲಿ ಬಿಟ್ಟುಹೋದರು. ಮೆಕ್ಯಾನಿಕ್ಕನ ಬಳಿಗೆ ಒಯ್ಯುವ ಬದಲು ನಾನೇ ಪಂಡಿತನಾದೆ. ಸೈಲೆನ್ಸರಿಗೆ ಎರಡು ತೂತು ಹೆಚ್ಚಾಗಿ ಕೊರೆದರೆ ಶಕ್ತಿ ಹೆಚ್ಚುವುದೆಂದು ಎಲ್ಲಿಯೋ ಕೇಳಿದ್ದೆ, ಹಾಗೆಯೇ ಮಾಡಿದೆ. ಸದ್ದು ರಾಜಗಾಂಭೀರ್ಯದಿಂದ ಹೊರಟಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಯಂತ್ರ ಒಮ್ಮೆಲೇ ನಿಂತಿತು. ಹಗ್ಗ ಎಳೆದರೂ ಅಲುಗಲಿಲ್ಲ.

ಬೀದಿಯ ಕೊನೆಯಲ್ಲಿ ಹಿರಿಯರೊಬ್ಬರಿದ್ದಾರೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವರು. 1961ರಲ್ಲಿ ಆರಂಭವಾದ ಆ ಕಾರ್ಖಾನೆ ಮೊದಲು ಜಾವಾ, ಆಮೇಲೆ ಯೆಜ್ಡಿ ಮೋಟಾರು ಸೈಕಲುಗಳನ್ನು ನಾಡಿಗೆಲ್ಲ ಕೊಟ್ಟು, 1996ರಲ್ಲಿ ಬಾಗಿಲು ಮುಚ್ಚಿತು. ಆ ವಾಹನಗಳಿಗಿದ್ದುದೂ ಟೂ-ಸ್ಟ್ರೋಕ್ ಎಂಜಿನ್ನೇ. ಗರಗಸದ್ದು ಅದರ ಮೊಮ್ಮಗುವಿನಂತೆ. ಹಿರಿಯರು ಪಿಸ್ಟನನ್ನು ಹೊರತೆಗೆದು, ಅದರ ಮೈಮೇಲಿನ ಗೀರುಗಳನ್ನು ಬೆರಳಿನಿಂದ ತಡವಿ ನೋಡಿದರು.

“ಮೇಷ್ಟ್ರೇ, ಸದ್ದು ಜಾಸ್ತಿಯಾದರೆ ಶಕ್ತಿ ಜಾಸ್ತಿಯಾಯಿತು ಅಂದುಕೊಂಡಿರಾ? ಇದು ಎಣ್ಣೆಯಿಲ್ಲದೆ ಬೆಂದುಹೋಗಿದೆ.”

ಮರ್ಮವಿಷ್ಟೇ. ಈ ಬಗೆಯ ಎಂಜಿನ್ನಿನಲ್ಲಿ ಎಣ್ಣೆಗೆ ಬೇರೆ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಜೀವ. ಸೈಲೆನ್ಸರಿನ ದಾರಿ ಅಗಲವಾದರೆ ಎಂಜಿನ್ ಹೆಚ್ಚು ಗಾಳಿ ಸೆಳೆಯುತ್ತದೆ. ಕಾರ್ಬುರೇಟರನ್ನು ಅದಕ್ಕೆ ತಕ್ಕಂತೆ ತಿರುಗಿಸದಿದ್ದರೆ ಗಾಳಿಯ ಪಾಲಿಗೆ ಪೆಟ್ರೋಲು ಸಾಲದು, ಅದರೊಡನೆ ಎಣ್ಣೆಯೂ ಸಾಲದು. ಶಾಖವೇರುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರನ್ನು ಕಚ್ಚುತ್ತದೆ. ತೂತು ಕೊರೆದೊಡನೆ ಕೇಳಿಬಂದ ಗಾಂಭೀರ್ಯ ಸನ್ನಿಯ ಆರ್ಭಟವಾಗಿತ್ತು.

ಹೊಗೆ ಹೊರಡುವ ದಾರಿಯಲ್ಲಿ ಶಕ್ತಿ ಅಡಗಿರುವುದು ನಿಜ. ನಮ್ಮ ಕಾರ್ಖಾನೆ ಆರಂಭವಾದ 1961ರಲ್ಲಿಯೇ ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ 125 ಸಿ.ಸಿ.ಯ ಪಂದ್ಯದ ಎಂಜಿನ್ನಿನಿಂದ 25 ಅಶ್ವಶಕ್ತಿ ಹೊರಡಿಸಿದ್ದನು. ಆದರೆ ಅವನು ಕುರುಡಾಗಿ ತೂತು ಕೊರೆಯಲಿಲ್ಲ. ಹೊರಹೋಗುವ ಹೊಗೆಯ ಒತ್ತಡದ ಅಲೆ ಮರಳಿ ಬಂದು, ತಪ್ಪಿಸಿಕೊಳ್ಳುವ ಹೊಸ ಮಿಶ್ರಣವನ್ನು ಒಳಕ್ಕೆ ನೂಕುವಂತೆ ಕೊಳವೆಯ ಆಕಾರವನ್ನು ಅಳೆದು ರೂಪಿಸಿದನು.

ಹೊಸ ಪಿಸ್ಟನ್, ಸಿಲಿಂಡರುಗಳಿಗೆ ಹಣ ತೆತ್ತೆ. ತೂತುಗಳನ್ನು ಮುಚ್ಚಿಸಿದೆವು. ಇನ್ನು ಹದ ಮಾಡುವ ಕೆಲಸ. ಹಿರಿಯರಿಗೆ ವಯಸ್ಸಿನಿಂದ ಕಿವಿ ಮಂದ. ಆದುದರಿಂದ, “ಸದ್ದು ಹೇಗಿದೆ, ಬಾಯಲ್ಲಿ ಹೇಳಿ” ಎಂದರು. ತರಗತಿಯಲ್ಲಿ ವರ್ಷವರ್ಷವೂ ಪಾಠ ಹೇಳಿದ ಅನುಕರಣಾವ್ಯಯಗಳು ಅಂದು ಮೊದಲ ಬಾರಿಗೆ ನನ್ನ ನೆರವಿಗೆ ಬಂದವು.

ಮೊದಲು ಸರಪಳಿಯ ಹಲ್ಲು ಸಾಣೆ ಹಿಡಿದು, ಗಾಳಿಯ ಜಾಲರಿ ತೊಳೆದೆವು; ಸೊರಗಿಗೆ ಎಷ್ಟೋ ಸಲ ಇವೇ ಕಾರಣ. ತಯಾರಕರ ಕೈಪಿಡಿಯಂತೆ 50ಕ್ಕೆ 1ರ ಪ್ರಮಾಣದಲ್ಲಿ, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಎಣ್ಣೆ ಬೆರೆಸಿದೆವು. ಎಂಜಿನ್ ಬೆಚ್ಚಗಾದ ಮೇಲೆ ‘ಎಲ್’ ತಿರುಪನ್ನು ಹಿಂದೆ ಮುಂದೆ ಆಡಿಸಿ, ವೇಗ ಹೆಚ್ಚಾಗಿ ನಿಂತ ಕಡೆಯಿಂದ ತುಸು ಬಿಚ್ಚಿದೆವು. ಸುಮ್ಮನೆ ಉರಿಯುವಾಗ ಸರಪಳಿ ಚಲಿಸದಂತೆ ಮೂರನೆಯ ತಿರುಪನ್ನು ಇಳಿಸಿದೆವು. ಉಳಿದುದು ‘ಎಚ್’ ತಿರುಪು. ಎಂಜಿನ್ನಿನ ಪ್ರಾಣವಿರುವುದು ಅಲ್ಲಿಯೇ.

“ಕಿರ್ರ್ ಎನ್ನುತ್ತಿದೆ” ಎಂದೆ.

“ಅದೇ ಸಾವಿನ ಸದ್ದು. ಬಿಚ್ಚಿ.”

ಎಡಕ್ಕೆ ತಿರುಗಿಸಿದೆ. “ಈಗ ಗದಗದ.”

“ಕೊಂಬೆಗೆ ಇಡಿ.”

ಒಣಕೊಂಬೆಯನ್ನು ಹೊಕ್ಕೊಡನೆ ಗದಗದ ಹೋಗಿ ಒಂದೇ ಸ್ವರವಾಯಿತು. ಹೊರತೆಗೆದರೆ ಮತ್ತೆ ಗದಗದ. ಹಿರಿಯರು ಯಂತ್ರದ ಹಿಡಿಯ ಮೇಲೆ ಕೈಯಿಟ್ಟು ತಲೆದೂಗಿದರು. ಬರಿದೇ ಓಡುವಾಗ ತೊದಲಬೇಕು, ದುಡಿಯುವಾಗ ಸ್ಪಷ್ಟವಾಗಬೇಕು: ಗರಗಸದ ವ್ಯಾಕರಣ ಇಷ್ಟೇ.

ಮನೆಯಲ್ಲಿ ಇಂತಹ ಪ್ರಯೋಗಕ್ಕೆ ಕೈಹಾಕುವವರಿಗೆ ಎರಡು ಮಾತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೂ ಎಥನಾಲ್ ಇರುತ್ತದೆ. ಅದು ನೀರನ್ನು ಹೀರಿ, ಕಾರ್ಬುರೇಟರಿನ ರಬ್ಬರು ಪೊರೆಗಳನ್ನು ಕೆಡಿಸಬಲ್ಲದು. ತಿಂಗಳುಗಟ್ಟಲೆ ತೊಟ್ಟಿಯಲ್ಲಿ ಬಿಡಬಾರದು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಇಲ್ಲದೆ ಹಗ್ಗಕ್ಕೆ ಕೈಯಿಡಬಾರದು. ಮಕ್ಕಳನ್ನು ಹಿತ್ತಿಲಿಗೆ ಬಿಡಬಾರದು.

ಮಳೆಗೆ ನಾಲ್ಕು ದಿನ ಮುಂಚೆ ಯಂತ್ರ ಸೋಮವಾರಪೇಟೆ ಸೇರಿತು. ಹಿರಿಯರು ಕೂಲಿ ಮುಟ್ಟಲಿಲ್ಲ. ಕಾರ್ಖಾನೆ ಮುಚ್ಚಿ ಮೂರು ದಶಕಗಳಾಗುತ್ತ ಬಂದರೂ ಅಲ್ಲಿ ಕಲಿತ ವಿದ್ಯೆ ಅವರ ಅಂಗೈಯಲ್ಲಿ ಹಾಗೆಯೇ ಉಳಿದಿದೆ. ಈಗ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಟಿಪ್ಪಣಿ ಪುಸ್ತಕದೊಡನೆ ಅವರ ಮನೆಗೆ ಹೋಗುತ್ತೇನೆ. ಅವರು ಹೇಳುತ್ತಾರೆ, ನಾನು, ಮೇಷ್ಟ್ರಾದವನು, ಬರೆದುಕೊಳ್ಳುತ್ತೇನೆ.