ತಂತ್ರಾಂಶಕ್ಕೂ ಕೊನೆಯ ದಿನಾಂಕವುಂಟು

ಕೋವಿಡ್ ಹರಡಿದ 2020ರಲ್ಲಿ ಕರ್ನಾಟಕ ಹೈಕೋರ್ಟ್ ವಿಡಿಯೊ ಕಾನ್ಫರೆನ್ಸ್ ಮೂಲಕ ಕಲಾಪ ನಡೆಸಲಾರಂಭಿಸಿ, ಅದಕ್ಕೆ ಬೇಕಾದ ನಿಯಮಗಳನ್ನೂ ಅದೇ ವರ್ಷ ರೂಪಿಸಿದ್ದರಿಂದ, ಧಾರವಾಡ ಪೀಠದ ವ್ಯಾಪ್ತಿಗೆ ಸೇರಿದ ಹಾವೇರಿ ಜಿಲ್ಲೆಯ ಕಕ್ಷಿದಾರರಿಗೂ ವಕೀಲರಿಗೂ ನ್ಯಾಯಾಲಯ ಹತ್ತಿರವಾಯಿತು. ಸವಣೂರು ತಾಲ್ಲೂಕಿನ ಯಲವಿಗಿಯಲ್ಲಿ ರೈಲು ಹತ್ತಿ ಧಾರವಾಡಕ್ಕೆ ಹೋಗದೆ, ಮೊಬೈಲಿನಲ್ಲಿಯೇ ವಿಚಾರಣೆಯನ್ನು ಕಾಣುವುದು ಸಾಧ್ಯವಾಯಿತು. ಈ ಅನುಕೂಲವನ್ನು ಎಲ್ಲರೂ ಕೊಂಡಾಡಿದ್ದಾರೆ. ಅದು ನೆಚ್ಚಿಕೊಂಡಿರುವ ತಂತ್ರಾಂಶದ ಆಯುಸ್ಸು ಎಷ್ಟೆಂದು ಕೇಳಿದವರು ಕಡಿಮೆ.

ತಂತ್ರಾಂಶವೊಂದರ ಹೊಸ ರೂಪವನ್ನು, ಅಂದರೆ ಆವೃತ್ತಿಯನ್ನು, ಬಿಡುಗಡೆ ಮಾಡಿದ ಮೇಲೆ ತಯಾರಕರು ಕೆಲವು ಕಾಲ ಅದರ ತಪ್ಪುಗಳನ್ನು ತಿದ್ದುತ್ತ, ಕಿಡಿಗೇಡಿಗಳು ನುಸುಳಬಹುದಾದ ಬಿರುಕುಗಳನ್ನು ಮುಚ್ಚುತ್ತ ಬರುತ್ತಾರೆ. ಇದಕ್ಕೆ ಬೆಂಬಲ ಎನ್ನುತ್ತಾರೆ. ಬೆಂಬಲದ ಅವಧಿ ಮುಗಿದ ಮರುದಿನವೂ ಸಾಮಾನ್ಯ ತಂತ್ರಾಂಶ ಎಂದಿನಂತೆಯೇ ತೆರೆದುಕೊಳ್ಳುವುದರಿಂದ ಅಪಾಯ ಬಳಕೆದಾರನ ಕಣ್ಣಿಗೆ ಬೀಳುವುದಿಲ್ಲ. ಜೂಮ್‌ನಂತಹ ವಿಡಿಯೊ ಸಭೆಯ ತಂತ್ರಾಂಶದ ಸ್ಥಿತಿ ಬೇರೆ, ಏಕೆಂದರೆ ಎರಡೂ ತುದಿಗಳು ಒಂದೇ ಬಗೆಯ ಗೂಢಲಿಪಿಯಲ್ಲಿ ಮಾತನಾಡಬೇಕಾದುದರಿಂದ ಹಳೆಯ ಆವೃತ್ತಿಯನ್ನು ಕಂಪನಿ ಬಾಗಿಲಲ್ಲಿಯೇ ತಡೆಯಬಲ್ಲದು. ಜೂಮ್ 2020ರ ಮೇ 30ರಂದು ಹೊಸ ಗೂಢಲಿಪಿ ವ್ಯವಸ್ಥೆಯನ್ನು ಎಲ್ಲೆಡೆ ಜಾರಿಗೊಳಿಸಿದಾಗ 5.0ಕ್ಕಿಂತ ಹಿಂದಿನ ಆವೃತ್ತಿಯವರು ಅಪ್‌ಡೇಟ್ ಮಾಡಿಕೊಂಡೇ ಸಭೆ ಸೇರಬೇಕಾಯಿತು. 2022ರ ನವೆಂಬರ್‌ನಿಂದ, ಬಳಕೆಯಲ್ಲಿರುವ ಆವೃತ್ತಿ ಇತ್ತೀಚಿನದಕ್ಕಿಂತ ಒಂಬತ್ತು ತಿಂಗಳಿಗೂ ಹೆಚ್ಚು ಹಿಂದುಳಿದಿರಬಾರದೆಂಬ ನಿಯಮವನ್ನೂ ಅದು ತಂದಿತು.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಸಭೆಯ ತಂತ್ರಾಂಶವು ಬ್ರೌಸರ್ ಮತ್ತು ಕಾರ್ಯಾಚರಣ ವ್ಯವಸ್ಥೆಯ ಮೇಲೆ, ಅವು ಯಂತ್ರದ ಮೇಲೆ ನಿಂತಿರುವುದರಿಂದ, ಇವುಗಳಲ್ಲಿ ಯಾವುದರ ಆಯುಸ್ಸು ಮೊದಲು ತೀರುತ್ತದೆಯೋ ಅದೇ ಇಡೀ ಏರ್ಪಾಡಿನ ಆಯುಸ್ಸಾಗುತ್ತದೆ. ಆನ್‌ಲೈನ್ ತರಗತಿಗಳಿಗೆ ಬಳಕೆಯಾಗುವ, ಮೂಲಸಂಕೇತ ಎಲ್ಲರಿಗೂ ಮುಕ್ತವಾಗಿರುವ ಬಿಗ್‌ಬ್ಲೂಬಟನ್‌ನ 2.2 ಆವೃತ್ತಿ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯ 16.04 ಆವೃತ್ತಿಯ ಮೇಲೆ ನಡೆಯುತ್ತಿತ್ತು. ಆ ಉಬುಂಟುವಿನ ಐದು ವರ್ಷಗಳ ಬೆಂಬಲ 2021ರ ಏಪ್ರಿಲ್‌ನಲ್ಲಿ ಮುಗಿದಾಗ, 2.3 ಆವೃತ್ತಿಗೆ ಏರಬೇಕಾದವರು ಕೆಳಗಿನ ಉಬುಂಟುವನ್ನೂ 18.04ಕ್ಕೆ ಬದಲಿಸಬೇಕಾಯಿತು. ಗ್ರಾಮೀಣ ಬಳಕೆದಾರನಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಮೊಬೈಲಿನದು: 2025ರ ಆಗಸ್ಟ್‌ನಲ್ಲಿ ಬಂದ ಕ್ರೋಮ್ ಬ್ರೌಸರಿನ 139ನೆಯ ಆವೃತ್ತಿ ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದನ್ನು ಬೇಡುತ್ತದೆ, ಆದ್ದರಿಂದ ಅದಕ್ಕಿಂತ ಹಳೆಯ ಫೋನು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದರ ಬ್ರೌಸರು ಅಲ್ಲಿಗೇ ನಿಲ್ಲುತ್ತದೆ.

ಕೊನೆಯ ದಿನ ಹಲವೊಮ್ಮೆ ಬಹಳ ಮೊದಲೇ ಗೊತ್ತಿರುತ್ತದೆ. 2015ರಲ್ಲಿ ಬಂದ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ವರ್ಷಗಳ ಹಿಂದೆಯೇ ಸಾರಲಾಗಿತ್ತು; ಸ್ಕೈಪ್ ಫಾರ್ ಬಿಸಿನೆಸ್ ಸರ್ವರ್‌ನ 2015 ಮತ್ತು 2019ರ ಆವೃತ್ತಿಗಳಿಗೂ ಅದೇ ದಿನ ಕೊನೆಯಾಯಿತು. ಆದರೆ 2003ರಿಂದ ಮನೆಮಾತಾಗಿದ್ದ ಸ್ಕೈಪ್ ಮುಚ್ಚುವ ಸುದ್ದಿ 2025ರ ಫೆಬ್ರುವರಿ ಕೊನೆಗೆ ಹೊರಬಿದ್ದು, ಮೇ 5ಕ್ಕೆ ಸೇವೆ ನಿಂತೇಹೋಯಿತು. ಎರಡು ತಿಂಗಳಲ್ಲಿ ಟೆಂಡರ್ ಕರೆದು ಮುಗಿಸುವ ಸರ್ಕಾರಿ ಕಚೇರಿ ಅಪರೂಪ.

ಎಲ್ಲ ಅವಾಂತರಕ್ಕೂ ಹಳೆಯ ಆವೃತ್ತಿಯೇ ಕಾರಣವೆಂದು ಭಾವಿಸಬೇಕಿಲ್ಲ. ಡಿಸೆಂಬರ್ 2023ರಲ್ಲಿ ಹೈಕೋರ್ಟಿನ ಆನ್‌ಲೈನ್ ಕಲಾಪದೊಳಗೆ ನುಗ್ಗಿದ ದುಷ್ಕರ್ಮಿಗಳು ಅಶ್ಲೀಲ ದೃಶ್ಯಗಳನ್ನು ಬಿತ್ತರಿಸಿ, ವಿಡಿಯೊ ಕಾನ್ಫರೆನ್ಸ್ ಮತ್ತು ನೇರಪ್ರಸಾರ ತಾತ್ಕಾಲಿಕವಾಗಿ ನಿಲ್ಲುವಂತಾದಾಗ, ಮುಖ್ಯವಾಗಿ ಎದ್ದದ್ದು ಯಾರನ್ನು ಒಳಗೆ ಬಿಡಬೇಕೆಂಬ ಪ್ರಶ್ನೆ.

ಕಚೇರಿಗಳು ಕಂಪ್ಯೂಟರ್ ಕೊಳ್ಳುವಾಗ ದಾಸ್ತಾನು ಪುಸ್ತಕದಲ್ಲಿ ಖರೀದಿಯ ದಿನಾಂಕದ ಪಕ್ಕದಲ್ಲಿಯೇ ಬೆಂಬಲ ಮುಗಿಯುವ ದಿನಾಂಕವನ್ನೂ ಬರೆದಿಡಬೇಕು, ಅದಕ್ಕೆ ಒಂದು ವರ್ಷ ಮೊದಲೇ ಬದಲಿಯ ಹಣವನ್ನು ಬಜೆಟ್ಟಿನಲ್ಲಿ ತೋರಿಸಬೇಕು. ವಿಚಾರಣೆಗೆ ಕಾದಿರುವವರು ಹಿಂದಿನ ದಿನವೇ ತಮ್ಮ ಫೋನಿನ ಆ್ಯಪ್ ಅಪ್‌ಡೇಟ್ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಆಗದಿದ್ದರೆ ಮನೆಯಲ್ಲಿರುವ ಹೊಸ ಫೋನನ್ನು ಮರುದಿನಕ್ಕೆ ಕೇಳಿಟ್ಟುಕೊಳ್ಳಬೇಕು.