ಬೆಂಗಳೂರಿಗೆ ಹೋದ ಜೀಪನ್ನು ತೊಳೆಯುವ ಬಗೆ

ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು ಈಗ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನೆಲೆಸಿದ್ದಾರೆ. ಕೊಡಗಿನ ಕಡೆಯವರು ಕೆಂಗೇರಿಯ ಮೂಲಕವೂ, ಹಾಸನ, ಚಿಕ್ಕಮಗಳೂರಿನ ಕಡೆಯವರು ನೆಲಮಂಗಲ ದಾಟಿ ರಾಜಾಜಿನಗರದ ಮೂಲಕವೂ ಮನೆ ಸೇರುತ್ತಾರೆ. ಜೀಪಾದರೋ ತೋಟದ ಕೆಸರನ್ನೆಲ್ಲ ಹೊತ್ತೇ ಬಂದಿರುತ್ತದೆ. ಮಾರನೆಯ ಬೆಳಿಗ್ಗೆ ಮನೆಯ ಮುಂದೆ ಪೈಪು ಹಿಡಿದು ನಿಲ್ಲುವುದು, ಇಲ್ಲವೇ ವಾಟರ್ ಸರ್ವಿಸ್ ಅಂಗಡಿಗೆ ಬಿಟ್ಟು ತಿಂಡಿಗೆ ಹೋಗುವುದು ವಾಡಿಕೆ. ಈಚೆಗೆ ಕೆಲವರು ಮನೆಯಲ್ಲೇ ಒತ್ತಡದಿಂದ ನೀರು ಚಿಮ್ಮಿಸುವ ಪ್ರೆಶರ್ ವಾಷರ್ ಯಂತ್ರವನ್ನೂ ಕೊಂಡಿದ್ದಾರೆ. ಈ ಬಗ್ಗೆ ಕೆಲವು ಸಂಗತಿಗಳನ್ನು ಸದಸ್ಯರ ಗಮನಕ್ಕೆ ತರುವುದು ಅಗತ್ಯವೆಂದು ನಮಗೆ ತೋರಿದೆ.

ಮೊದಲು ನೀರಿನ ಮಾತು. 2024ರ ಮಾರ್ಚಿಯಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವೆಂದು ಸಾರಿತು. ಮತ್ತೆ ಮತ್ತೆ ಮಾಡಿದರೆ ದಿನಕ್ಕೆ 500 ರೂಪಾಯಿ ಹೆಚ್ಚಿಗೆ. 2025ರ ಫೆಬ್ರವರಿಯಲ್ಲಿ ಇಂಥದೇ ಆಜ್ಞೆ ಮತ್ತೊಮ್ಮೆ ಹೊರಟಿತು. ಆದ್ದರಿಂದ ಬೇಸಿಗೆಯಲ್ಲಿ ಹೋಗುವವರು ಮನೆಯವರನ್ನು ವಿಚಾರಿಸಿಯೇ ನಲ್ಲಿ ತಿರುಗಿಸುವುದು ಒಳ್ಳೆಯದು.

ದಂಡದ ಮಾತು ಹಾಗಿರಲಿ. ವಿಜಯನಗರದ ನಲ್ಲಿಯಲ್ಲಿ ಬರುವ ಕಾವೇರಿ ನಮ್ಮ ಕಡೆಯ ಬೆಟ್ಟಗಳಲ್ಲೇ ಹುಟ್ಟಿದವಳು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಹಂತ ಹಂತವಾಗಿ ವಿದ್ಯುತ್ತಿನಿಂದ ಮೇಲಕ್ಕೆತ್ತಿ ಆ ನೀರನ್ನು ತರುತ್ತಾರೆ. ತೋಟದ ಪಂಪಿನ ಕರೆಂಟು ಬಿಲ್ಲು ಕಟ್ಟುವ ನಮಗೆ ಅದರ ಬೆಲೆ ಬೇರೆ ಹೇಳಬೇಕಿಲ್ಲ. ಅರ್ಧ ಇಂಚಿನ ಪೈಪನ್ನು ತೆರೆದಿಟ್ಟರೆ ನಿಮಿಷಕ್ಕೆ ಸುಮಾರು 15 ಲೀಟರು ಹೋಗುತ್ತದೆ. ಇಪ್ಪತ್ತು ನಿಮಿಷಕ್ಕೆ 300 ಲೀಟರು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರು ಎಂಬ ಲೆಕ್ಕದಲ್ಲಿ ಅದು ಇಬ್ಬರ ದಿನದ ಪಾಲಿಗಿಂತ ಹೆಚ್ಚು. ಮನೆಬಳಕೆಯ ಪ್ರೆಶರ್ ವಾಷರಿಗೆ ನಿಮಿಷಕ್ಕೆ ಆರೇಳು ಲೀಟರು ಸಾಕು, ಅದೂ ಗನ್ನಿನ ಕುದುರೆ ಒತ್ತಿದಾಗ ಮಾತ್ರ. ಎಂಟು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದರೆ ಅರವತ್ತು ಎಪ್ಪತ್ತು ಲೀಟರಿನಲ್ಲಿ ಜೀಪು ತೊಳೆದಂತಾಯಿತು. ಯಂತ್ರದ ನಿಜವಾದ ಲಾಭ ಇದೇ, ನೀರಿನ ಬಿರುಸಲ್ಲ.

ಬಿರುಸಿನಿಂದ ಹಾನಿಯೇ ಹೆಚ್ಚು. ನಮ್ಮ ಪರಿಚಯದ ಬೆಳೆಗಾರರೊಬ್ಬರ ಜೀಪನ್ನು ಮಾಗಡಿ ರಸ್ತೆಯ ಅಂಗಡಿಯೊಂದರಲ್ಲಿ ತೊಳೆಯುವಾಗ, ಹುಡುಗನು ಸೂಜಿಧಾರೆಯ ನಾಜಲನ್ನು ಟೈರಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದಿದ್ದನಂತೆ. ಟೈರು ಹೊಳೆಯಿತು. ಆದರೆ ಪಕ್ಕದ ರಬ್ಬರು ಸೀಳಿ ಒಳಗಿನ ನೂಲು ಕಾಣುತ್ತಿದ್ದುದು ಊರಿಗೆ ಮರಳಿದ ಮೇಲೆ ಗೊತ್ತಾಯಿತು. ಶಿರಾಡಿ ಘಾಟಿಯಲ್ಲಿ ಆ ಟೈರು ಸಿಡಿಯದಿದ್ದುದು ಪುಣ್ಯ. ನಾಜಲು ಯಾವಾಗಲೂ ಬೀಸಣಿಗೆಯಂತೆ ಹರಡುವಂಥದಿರಲಿ. ಮೈಗೂ ನಾಜಲಿಗೂ ಒಂದಡಿಗೆ ಕಡಮೆಯಿಲ್ಲದಷ್ಟು ಅಂತರವಿರಲಿ. ರೇಡಿಯೇಟರಿನ ತೆಳು ತಗಡು, ಬಾಗಿಲಿನ ರಬ್ಬರು, ಬಣ್ಣ ಎದ್ದ ಅಂಚು, ವೈರಿನ ಜೋಡಣೆ, ಚಕ್ರದ ಗುಂಬದ ಗ್ರೀಸು ಸೀಲು, ಇವುಗಳ ಮೇಲೆ ನೇರ ಧಾರೆ ಬೀಳಕೂಡದು. ಬಂದು ನಿಂತ ಕೂಡಲೇ ಬಿಸಿ ಎಂಜಿನ್ನಿಗೆ ತಣ್ಣೀರು ಹೊಡೆಯುವುದಂತೂ ಶುದ್ಧ ಅವಿವೇಕ.

ಹಾಗಾದರೆ ಕೆಸರು ಬಿಡುವುದು ಹೇಗೆ? ಪಲ್ಪ್ ಮಾಡಿದ ಕಾಫಿ ಬೀಜದ ಲೋಳೆ ತೊಟ್ಟಿಯಲ್ಲಿ ಹುಳಿಯದೆ, ಎಷ್ಟು ನೀರು ಸುರಿದರೂ ಬಿಡುವುದಿಲ್ಲವೆಂಬುದು ನಮಗೆ ಗೊತ್ತಿದೆ. ಜೀಪಿನ ಕೆಸರೂ ಹಾಗೆಯೇ. ಮೊದಲು ದೂರದಿಂದ ತೆಳುವಾಗಿ ನೀರು ಚಿಮುಕಿಸಿ ಐದು ಹತ್ತು ನಿಮಿಷ ನೆನೆಯಲು ಬಿಡಬೇಕು. ಆ ಹೊತ್ತಿನಲ್ಲಿ ಮಡ್‌ಗಾರ್ಡಿನ ಒಳಭಾಗ, ಚಾಸಿಸ್, ಸ್ಪ್ರಿಂಗ್ ಪಟ್ಟಿಗಳ ಸಂದು, ಹಿಂದಿನ ತೊಟ್ಟಿಯ ಮೂಲೆ ಇವನ್ನು ತೊಳೆಯಬಹುದು. ಹೊರಗಿನ ಹೊಳಪಿಗಿಂತ ಜೀಪಿನ ಆಯುಷ್ಯ ಇರುವುದು ಇಲ್ಲಿ. ಪೊಟ್ಯಾಷ್ ಗೊಬ್ಬರವೆಂದರೆ ಒಂದು ಬಗೆಯ ಉಪ್ಪೇ ಸರಿ. ಚೀಲದಿಂದ ಉದುರಿದ ಪುಡಿ ಕೆಸರಿನೊಡನೆ ಮೂಲೆಯಲ್ಲಿ ಕುಳಿತರೆ ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಆಮೇಲೆ ಮೈಯನ್ನು ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಮರಳು ಪೂರ್ತಿ ಹೋಗುವ ತನಕ ಬಟ್ಟೆ ಮುಟ್ಟಿಸಬಾರದು. ಮುಟ್ಟಿಸಿದರೆ ಬಣ್ಣದ ಮೇಲೆ ಗೀರು ಬೀಳುವುದು ಖಂಡಿತ.

ಬಸವೇಶ್ವರನಗರದ ಕಡೆ ಕೊಳವೆಬಾವಿಯ ನೀರನ್ನು ಬಳಸುವವರು ಒಂದು ವಿಷಯ ನೆನಪಿಡಬೇಕು. ನಮ್ಮ ಹಳ್ಳದ ನೀರು ಮೆದು. ಆ ನೀರು ಗಡುಸು. ಬಿಸಿಲಿನಲ್ಲಿ ಒಣಗಿದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ನೆರಳಿನಲ್ಲಿ, ಒಂದೊಂದೇ ಭಾಗ ತೊಳೆದು ಕೂಡಲೇ ಒರೆಸಬೇಕು. ಮನೆಯಲ್ಲಿ ಮಳೆನೀರಿನ ಸಂಪು ಇದ್ದರೆ ಕೊನೆಯ ಸುತ್ತಿಗೆ ಅದಕ್ಕಿಂತ ಉತ್ತಮವಾದುದು ಬೇರೆ ಇಲ್ಲ. ಬೆಂಗಳೂರಿನಲ್ಲಿ 2009ರಿಂದ ಹಲವು ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿರುವುದರಿಂದ, ಸಂಪು ಇದ್ದೂ ಅದನ್ನು ಮರೆತವರೇ ಬಹಳ! ಯಂತ್ರವು ಸಂಪಿನಿಂದ ನೀರೆಳೆಯುವಂಥದಾದರೆ ಬಾಯಿಗೆ ಜಾಲರಿ ಕಟ್ಟಬೇಕು. ಡೀಸೆಲು, ಗ್ರೀಸು ಬೆರೆತ ನೀರನ್ನು ರಸ್ತೆಯ ಚರಂಡಿಗೆ ಬಿಡಬಾರದು. ಆ ಕಡೆಯ ಚರಂಡಿಗಳಲ್ಲಿ ಬಹುಪಾಲು ಹೋಗಿ ಸೇರುವುದು ವೃಷಭಾವತಿಯನ್ನು. ಅದು ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಮತ್ತೆ ಕಾವೇರಿಗೇ ಸೇರುತ್ತದೆ. ಕೆರೆಯ ಕೆಳಗಿನ ರೈತರೂ ನಮ್ಮಂತೆ ಬೆಳೆ ನಂಬಿದವರೇ.

ತೊಳೆದ ಕೂಡಲೇ ಬ್ರೇಕನ್ನು ನಂಬಬಾರದು. ಡ್ರಮ್ಮಿನೊಳಗೆ ನೀರು ಹೋಗಿದ್ದರೆ ಬ್ರೇಕು ಹಿಡಿಯುವುದಿಲ್ಲ. ಬೀದಿಯಲ್ಲಿ ನಿಧಾನವಾಗಿ ಓಡಿಸುತ್ತ ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಂಡ ಮೇಲೆಯೇ ದೊಡ್ಡ ರಸ್ತೆಗೆ ಇಳಿಯತಕ್ಕದ್ದು. ಪ್ರೊಪೆಲರ್ ಶಾಫ್ಟಿನ ಜೋಡಣೆಗಳಿಗೂ ಸ್ಪ್ರಿಂಗಿನ ಪಿನ್ನುಗಳಿಗೂ ಹೊಸ ಗ್ರೀಸು ತುಂಬಿಸುವುದನ್ನು ಮುಂದೂಡಬಾರದು.

ಊರಿನಲ್ಲಿ ಈ ಯಂತ್ರವಿಲ್ಲದವರು ಅಡಿಕೆಗೆ ಬೋರ್ಡೋ ಹೊಡೆಯುವ ಪಂಪಿನಿಂದಲೇ ಜೀಪು ತೊಳೆಯುವುದನ್ನು ನೋಡಿದ್ದೇವೆ. ಅದರ ಒತ್ತಡ ಕಡಮೆ, ಕೆಲಸಕ್ಕೆ ಧಾರಾಳ ಸಾಕು, ತಪ್ಪೇನಿಲ್ಲ. ಆದರೆ ಮೈಲುತುತ್ತದ ದ್ರಾವಣಕ್ಕೆ ಕುಡುಗೋಲು ಅದ್ದಿದಾಗ ಅಲಗಿನ ಮೇಲೆ ಕೆಂಪು ಕೂರುವುದನ್ನು ಕಂಡವರಿಗೆ, ತಾಮ್ರ ಕಬ್ಬಿಣವನ್ನು ಏನು ಮಾಡುತ್ತದೆಂದು ಹೇಳಬೇಕಿಲ್ಲ. ಡ್ರಮ್ಮು, ಪೈಪು, ಗನ್ನು ಮೂರನ್ನೂ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ನಾಜಲಿನಿಂದ ತಿಳಿನೀರು ಬರುವ ತನಕ ಹೊರಗೆ ಬಿಟ್ಟು, ಆಮೇಲೆ ಜೀಪಿನ ಕಡೆ ತಿರುಗಿಸಬೇಕು. ಜೀಪಿಗೆ ಸೋಪು ಬಳಸಿದ್ದರೆ, ಮುಂದಿನ ಸುತ್ತಿನ ಬೋರ್ಡೋ ಕಲಸುವ ಮೊದಲು ಇನ್ನೊಮ್ಮೆ ಹಾಗೆಯೇ ತೊಳೆದಿಡಬೇಕು.