ಪೆಗ್ಗಿ ಆಶ್‌ಕ್ರಾಫ್ಟ್: ತಂಡದೊಳಗೆ ಮಾಗಿದ ಅಭಿನಯ

ಇಪ್ಪತ್ತನೆಯ ಶತಮಾನದ ಬ್ರಿಟಿಷ್ ರಂಗಭೂಮಿಯ ವಿಚಾರ ಬಂದಾಗ ಜಾನ್ ಗೀಲ್‌ಗುಡ್, ಲಾರೆನ್ಸ್ ಒಲಿವಿಯರ್ ಮತ್ತು ರಾಲ್ಫ್ ರಿಚರ್ಡ್‌ಸನ್ ಎಂಬ ಮೂವರು ನಟರ ಹೆಸರನ್ನು ಒಟ್ಟಾಗಿ ಹೇಳುವ ರೂಢಿಯಿದೆ. ಈ ಮೂವರೊಡನೆಯೂ ಅಭಿನಯಿಸಿ, ಮೂವರಿಗೂ ಸರಿಸಾಟಿಯೆನಿಸಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ರಂಗದ ಮೇಲಿದ್ದ ಪೆಗ್ಗಿ ಆಶ್‌ಕ್ರಾಫ್ಟ್ ಅವರು ಹೊರಜಗತ್ತಿನ ಸಾಮಾನ್ಯ ಪ್ರೇಕ್ಷಕರಿಗೆ ಪರಿಚಿತರಾದದ್ದು ಮಾತ್ರ ತಮ್ಮ 77ನೆಯ ವಯಸ್ಸಿನಲ್ಲಿ, ಡೇವಿಡ್ ಲೀನ್ ನಿರ್ದೇಶನದ ‘ಎ ಪ್ಯಾಸೇಜ್ ಟು ಇಂಡಿಯಾ’ ಚಲನಚಿತ್ರದ ಮೂಲಕ. ತಡವಾಗಿ ಬಂದ ಈ ಕೀರ್ತಿಯನ್ನು ಅದೃಷ್ಟದ ಲೆಕ್ಕಕ್ಕೆ ಹಾಕುವುದು ತಪ್ಪಾಗುತ್ತದೆ. ಒಂದೇ ತಂಡದ ಕಲಾವಿದರು ವರ್ಷಗಟ್ಟಲೆ ಜೊತೆಯಾಗಿ ದುಡಿದಾಗಲೇ ಅಭಿನಯ ಪಕ್ವವಾಗುತ್ತದೆ ಎಂಬ ನಂಬಿಕೆಯನ್ನು ಅವರು ಬದುಕಿನುದ್ದಕ್ಕೂ ಬಿಡದೆ ಹಿಡಿದುಕೊಂಡಿದ್ದರ ಫಲ ಅದು.

1907ರ ಡಿಸೆಂಬರ್ 22ರಂದು ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ ಅವರ ಜನನವಾಯಿತು. ಜಮೀನು ವ್ಯವಹಾರಗಳ ಏಜೆಂಟರಾಗಿದ್ದ ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದರು. ತಾಯಿ ಹವ್ಯಾಸಿ ರಂಗಭೂಮಿಯಲ್ಲಿ ಆಸಕ್ತಿಯುಳ್ಳವರಾಗಿದ್ದರು. ಹದಿಹರೆಯದಲ್ಲೇ ಪೆಗ್ಗಿ ಅವರು ಎಲ್ಸಿ ಫೋಗರ್ಟಿ ನಡೆಸುತ್ತಿದ್ದ ಲಂಡನ್ನಿನ ಸೆಂಟ್ರಲ್ ಸ್ಕೂಲ್ ಎಂಬ ನಾಟಕ ಶಾಲೆಗೆ ಸೇರಿದರು. ಅಲ್ಲಿ ಒಲಿವಿಯರ್ ಅವರ ಸಹಪಾಠಿಯಾಗಿದ್ದರು. ಅಲ್ಲಿನ ಶಿಕ್ಷಣದಲ್ಲಿ ಧ್ವನಿಗೂ ಸ್ಪಷ್ಟ ಉಚ್ಚಾರಣೆಗೂ ಹೆಚ್ಚಿನ ಮಹತ್ವವಿತ್ತು. ಆದರೆ ಅವರ ಮನಸ್ಸನ್ನು ಆಳವಾಗಿ ತಟ್ಟಿದ್ದು ರಷ್ಯದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಆತ್ಮಕಥೆ. ತಾರೆಯೊಬ್ಬರ ಸುತ್ತ ನಾಟಕ ಕಟ್ಟುವ ಪದ್ಧತಿಯನ್ನು ಬಿಟ್ಟು, ಚಿಕ್ಕ ಪಾತ್ರದವರನ್ನೂ ದೊಡ್ಡ ಪಾತ್ರದವರನ್ನೂ ಸಮಾನವಾಗಿ ಕಾಣುವ ಸ್ಥಾಯಿ ತಂಡವೊಂದನ್ನು ಮಾಸ್ಕೋದಲ್ಲಿ ಬೆಳೆಸಿದ ಕಥೆ ಆ ಪುಸ್ತಕದಲ್ಲಿತ್ತು. ಅಂತಹ ತಂಡ ಇಂಗ್ಲೆಂಡಿನಲ್ಲಿ ಆಗ ಇರಲಿಲ್ಲ.

1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿ ರಂಗಮಂದಿರದಲ್ಲಿ, ರಾಲ್ಫ್ ರಿಚರ್ಡ್‌ಸನ್ ಅವರ ಜೊತೆಗೆ, ಅವರು ವೃತ್ತಿನಟಿಯಾಗಿ ಮೊದಲ ಬಾರಿಗೆ ರಂಗವೇರಿದರು. ಕಲಾವಿದರ ಒಂದೇ ಬಳಗ ಒಂದಾದ ಮೇಲೊಂದು ನಾಟಕವನ್ನು ಸಿದ್ಧಪಡಿಸಿ ಆಡುತ್ತ ಹೋಗುವ ವ್ಯವಸ್ಥೆಗೆ ರೆಪರ್ಟರಿ ಎಂದು ಹೆಸರು. ನಾಲ್ಕು ವರ್ಷಗಳ ನಂತರ, 22ನೆಯ ವಯಸ್ಸಿನಲ್ಲಿ, ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಡೆಸ್ಡಿಮೋನಾ ಪಾತ್ರ ಅವರಿಗೆ ದೊರೆಯಿತು. ಒಥೆಲೊ ಪಾತ್ರವನ್ನು ವಹಿಸಿದವರು ಅಮೆರಿಕದ ಕಪ್ಪು ಜನಾಂಗದ ಗಾಯಕ ಮತ್ತು ನಟ ಪಾಲ್ ರೋಬ್ಸನ್. ಅವರ ತಂದೆ ಗುಲಾಮರಾಗಿ ಹುಟ್ಟಿ ಆ ಬಂಧನದಿಂದ ತಪ್ಪಿಸಿಕೊಂಡು ಬಂದವರು. ಆ ಕಾಲದ ಇಂಗ್ಲಿಷ್ ರಂಗಭೂಮಿಯಲ್ಲಿ ಬಿಳಿಯ ನಟರೇ ಮುಖಕ್ಕೆ ಕಪ್ಪು ಬಳಿದುಕೊಂಡು ಒಥೆಲೊ ಆಗುವುದು ಸಾಮಾನ್ಯವಾಗಿತ್ತು. ಕಪ್ಪು ಮನುಷ್ಯನೊಬ್ಬ ಬಿಳಿಯ ಹೆಂಗಸನ್ನು ವೇದಿಕೆಯ ಮೇಲೆ ಅಪ್ಪಿಕೊಳ್ಳುವುದನ್ನು ಸಹಿಸಲಾರದ ಕೆಲವರು ತರುಣಿಯಾದ ಆ ನಟಿಗೆ ದ್ವೇಷದ ಪತ್ರಗಳನ್ನು ಬರೆದರು. ನಾಟಕದೊಳಗೆ ಡೆಸ್ಡಿಮೋನಾಳ ತಂದೆ ಆಡುವ ಮಾತುಗಳೇ ನಾಟಕದ ಹೊರಗೂ ಕೇಳಿಬಂದಂತಾಯಿತು. ಜನಾಂಗ ದ್ವೇಷದ ನಿಜ ರೂಪವನ್ನು ಹತ್ತಿರದಿಂದ ತೋರಿಸಿದ ಈ ಅನುಭವವನ್ನು ಅವರ ಬದುಕಿನ ಮುಖ್ಯ ತಿರುವೆಂದು ಪರಿಗಣಿಸುವುದು ಉಚಿತ.

1932ರಲ್ಲಿ ಅವರು ಕಡಿಮೆ ದರದ ಟಿಕೆಟ್ಟಿನಲ್ಲಿ ಶ್ರೇಷ್ಠ ನಾಟಕಗಳನ್ನು ತೋರಿಸುತ್ತಿದ್ದ ಓಲ್ಡ್ ವಿಕ್ ರಂಗಮಂದಿರವನ್ನು ಸೇರಿದರು. 1935ರಲ್ಲಿ ಗೀಲ್‌ಗುಡ್ ನಿರ್ದೇಶಿಸಿದ ‘ರೋಮಿಯೊ ಅಂಡ್ ಜೂಲಿಯೆಟ್’ ಪ್ರಯೋಗದಲ್ಲಿ ಗೀಲ್‌ಗುಡ್ ಮತ್ತು ಒಲಿವಿಯರ್ ಇಬ್ಬರೂ ರೋಮಿಯೊ ಮತ್ತು ಮರ್ಕ್ಯುಶಿಯೊ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ಆಡಿದರು. ಒಬ್ಬ ರೋಮಿಯೊ ಕಾವ್ಯದ ಲಯಕ್ಕೆ ಒತ್ತು ಕೊಟ್ಟರೆ ಇನ್ನೊಬ್ಬ ರೋಮಿಯೊ ದೇಹದ ಆವೇಗಕ್ಕೆ ಒತ್ತು ಕೊಡುತ್ತಿದ್ದ. ಇಬ್ಬರಿಗೂ ಜೂಲಿಯೆಟ್ ಒಬ್ಬರೇ, ಪೆಗ್ಗಿ ಆಶ್‌ಕ್ರಾಫ್ಟ್. ಅದೇ ವರ್ಷ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ‘ದಿ 39 ಸ್ಟೆಪ್ಸ್’ ಚಿತ್ರದಲ್ಲಿ, ಸ್ಕಾಟ್ಲೆಂಡಿನ ಒಂಟಿ ಮನೆಯೊಂದರಲ್ಲಿ ಕಠೋರ ಸ್ವಭಾವದ ಗಂಡನೊಡನೆ ಬಾಳುವ ರೈತನ ಹೆಂಡತಿಯಾಗಿ ಅವರು ಕೆಲವೇ ನಿಮಿಷ ಕಾಣಿಸಿಕೊಳ್ಳುತ್ತಾರೆ. ಪೊಲೀಸರಿಂದ ತಪ್ಪಿಸಿಕೊಂಡು ಬಂದ ನಾಯಕನಿಗೆ ಗಂಡನ ಕೋಟನ್ನು ಕೊಟ್ಟು ಕಳಿಸುವ ಆ ಹೆಣ್ಣಿನ ಮುಖದಲ್ಲಿ ಪಟ್ಟಣದ ಬದುಕಿನ ಹಂಬಲ, ಗಂಡನ ಭಯ, ಅಪರಿಚಿತನ ಮೇಲಿನ ಕರುಣೆ ಮೂರೂ ಒಂದೇ ಹೊತ್ತಿಗೆ ಹಾದುಹೋಗುವುದನ್ನು ಈಗಲೂ ನೋಡಬಹುದು. ಇಷ್ಟು ಸಾಮರ್ಥ್ಯವಿದ್ದರೂ ಅವರು ಮುಂದಿನ ದಶಕಗಳಲ್ಲಿ ಸಿನಿಮಾಕ್ಕೆ ಕೊಟ್ಟ ಸಮಯ ಬಹಳ ಕಡಿಮೆ.

ಅವರಿಗೆ ಮೂರು ಮದುವೆಗಳಾದವು. ಪ್ರಕಾಶಕ ರೂಪರ್ಟ್ ಹಾರ್ಟ್-ಡೇವಿಸ್, ರಷ್ಯನ್ ಮೂಲದ ನಿರ್ದೇಶಕ ಕೊಮಿಸರ್‌ಜೆವ್‌ಸ್ಕಿ ಮತ್ತು ವಕೀಲ ಜೆರೆಮಿ ಹಚಿನ್‌ಸನ್ ಅವರೊಡನೆ ನಡೆದ ಆ ಮೂರೂ ವಿಚ್ಛೇದನದಲ್ಲಿ ಕೊನೆಗೊಂಡವು. ಇನ್ನು ರಂಗದ ಮೇಲೆ, 1950ರ ದಶಕದಲ್ಲಿ ಅವರು ಎತ್ತಿಕೊಂಡ ಪಾತ್ರಗಳು ಒಂದನ್ನೊಂದು ಹೋಲುವುದಿಲ್ಲ. ಟೆರೆನ್ಸ್ ರಾಟಿಗನ್ನರ ನಾಟಕದಲ್ಲಿ, ನ್ಯಾಯಾಧೀಶನಾದ ಗಂಡನನ್ನು ತೊರೆದು ಮಾಜಿ ವಿಮಾನಚಾಲಕನೊಬ್ಬನ ಹಿಂದೆ ಬಂದು ಹತಾಶಳಾದ ಹೆಸ್ಟರ್ ಆದ ಅವರು, 1954ರಲ್ಲಿ ನಾರ್ವೆಯ ನಾಟಕಕಾರ ಇಬ್ಸನ್ನನ ಹೆಡ್ಡಾ ಗಾಬ್ಲರ್ ಆಗಿ ಆ ದೇಶದ ದೊರೆಯಿಂದ ಪದಕ ಪಡೆದರು. 1956ರಲ್ಲಿ ಬ್ರೆಕ್ಟನ ‘ಸೆಜುವಾನ್ ನಗರದ ಸಾಧ್ವಿ’ಯನ್ನು ಇಂಗ್ಲಿಷಿನಲ್ಲಿ ಆಡಿದರು. ಅದೇ ವರ್ಷ ‘ಡೇಮ್’ ಎಂಬ, ಗಂಡಸರ ‘ಸರ್’ ಬಿರುದಿಗೆ ಸಮನಾದ ಗೌರವ ಅವರಿಗೆ ಸಂದಿತು.

ಹರೆಯದಲ್ಲಿ ಓದಿದ ಪುಸ್ತಕದ ಕನಸು ಕೈಗೂಡಿದ್ದು 1960ರಲ್ಲಿ. ಷೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡ್‌ನಲ್ಲಿ ಕಲಾವಿದರನ್ನು ದೀರ್ಘಾವಧಿಯ ಕರಾರಿನ ಮೇಲೆ ಇರಿಸಿಕೊಂಡು ಸ್ಥಾಯಿ ತಂಡ ಕಟ್ಟಲು ಹೊರಟ ತರುಣ ನಿರ್ದೇಶಕ ಪೀಟರ್ ಹಾಲ್ ಅವರಿಗೆ ಮೊದಲಿಗೆ ಕೈಜೋಡಿಸಿದವರಲ್ಲಿ ಪೆಗ್ಗಿ ಅವರೂ ಒಬ್ಬರು. ಮರುವರ್ಷ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಎಂಬ ಹೆಸರು ಪಡೆದ ಆ ಸಂಸ್ಥೆಯ 1963ರ ಪ್ರಯೋಗ ‘ದಿ ವಾರ್ಸ್ ಆಫ್ ದಿ ರೋಸಸ್’ ಅವರ ಅತ್ಯುನ್ನತ ಸಾಧನೆ. ಹದಿನೈದನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ನಡೆಸಿದ ಕಾದಾಟವನ್ನು ಕುರಿತ ಷೇಕ್ಸ್‌ಪಿಯರನ ನಾಲ್ಕು ನಾಟಕಗಳನ್ನು ಜಾನ್ ಬಾರ್ಟನ್ ಮತ್ತು ಹಾಲ್ ಮೂರಾಗಿ ಇಳಿಸಿದ್ದರು. ಅದರಲ್ಲಿ ಮಾರ್ಗರೆಟ್ ರಾಣಿ ಫ್ರಾನ್ಸಿನಿಂದ ಬಂದ ಚೆಲುವೆ ವಧುವಾಗಿ ಪ್ರವೇಶಿಸಿ, ದಂಡಿನ ಮುಂದೆ ನಿಂತು ಕೊಲ್ಲಿಸುವ ಕ್ರೂರಿಯಾಗಿ, ಕೊನೆಗೆ ಗಂಡನನ್ನೂ ಮಗನನ್ನೂ ಕಳೆದುಕೊಂಡು ಶಾಪ ಹಾಕುತ್ತ ಅಲೆಯುವ ಮುದುಕಿಯಾಗುತ್ತಾಳೆ. ಈ ಇಡೀ ಆಯುಷ್ಯವನ್ನು 55 ವರ್ಷದ ಪೆಗ್ಗಿ ಒಬ್ಬರೇ ಬಾಳಿ ತೋರಿಸಿದರು. ನಾಟಕದಿಂದ ನಾಟಕಕ್ಕೆ ಪಾತ್ರದ ನಡಿಗೆಯೂ ದನಿಯೂ ಮಾಗುತ್ತ ಹೋಗುವ ಇಂತಹ ಅಭಿನಯ, ಒಂದೇ ಬಳಗ ಒಟ್ಟಾಗಿ ತಾಲೀಮು ಮಾಡದೆ ಸಾಧ್ಯವಾಗುತ್ತಿರಲಿಲ್ಲ.

1975ರಲ್ಲಿ ಸ್ಯಾಮ್ಯುಯೆಲ್ ಬೆಕೆಟ್ಟರ ‘ಹ್ಯಾಪಿ ಡೇಸ್’ ನಾಟಕದ ವಿನ್ನಿಯಾಗಿ, ಮೊದಲ ಅಂಕದಲ್ಲಿ ಸೊಂಟದವರೆಗೆ, ಎರಡನೆಯ ಅಂಕದಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು, ಕಣ್ಣು ಮತ್ತು ದನಿಯಿಂದಲೇ ಅಭಿನಯಿಸಿದ ಅವರು, ಮುಂದೆ ಕ್ಯಾಮರಾದ ಎದುರು ಕುಳಿತಾಗ ಈ ಸಂಯಮವನ್ನೇ ಜೊತೆಗೆ ತಂದರು. ಪಾಲ್ ಸ್ಕಾಟ್ ಅವರ ಕಾದಂಬರಿಗಳನ್ನು ಆಧರಿಸಿದ, 1984ರಲ್ಲಿ ಬ್ರಿಟನ್ನಿನಲ್ಲಿ ಪ್ರಸಾರವಾದ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಧಾರಾವಾಹಿಯ 14 ಕಂತುಗಳಲ್ಲಿ ನೆನಪಿನಲ್ಲಿ ಉಳಿಯುವುದು ಅವರ ಬಾರ್ಬಿ ಬ್ಯಾಚಲರ್. ಮಿಶನರಿ ಶಾಲೆಯ ಕೆಲಸದಿಂದ ನಿವೃತ್ತಳಾದ, ಯಾರಿಗೂ ಬೇಡವಾದ ಈ ಮಾತುಗಾತಿ ವೃದ್ಧೆ ಕೊನೆಗೆ ಮೌನಕ್ಕೆ ಸರಿಯುವ ಬಗೆಯಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸಾಮ್ರಾಜ್ಯದ ಆತ್ಮವಿಶ್ವಾಸವೇ ಕುಸಿಯುವುದು ಕಾಣುತ್ತದೆ.

ಇ. ಎಂ. ಫಾರ್‌ಸ್ಟರ್ ಅವರ 1924ರ ಕಾದಂಬರಿಯನ್ನು ಆಧರಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಬಹುಮಟ್ಟಿಗೆ ಕನ್ನಡ ನಾಡಿನ ನೆಲದಲ್ಲೇ ರೂಪುಗೊಂಡಿತು. ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲವಾದ ಬಿಹಾರದ ಬರಾಬರ್ ಗುಹೆಗಳು ಲೀನ್ ಅವರಿಗೆ ಹಿಡಿಸಲಿಲ್ಲ. ಅವರು ಸಾವನದುರ್ಗ ಮತ್ತು ರಾಮದೇವರ ಬೆಟ್ಟದ ಬಂಡೆಗಳನ್ನು ಆರಿಸಿಕೊಂಡು, ಅಲ್ಲಿ ಗುಹೆಯ ಬಾಗಿಲುಗಳನ್ನು ಕೊರೆಸಿದರು. ಬೆಂಗಳೂರಿನ ಅರಮನೆಯಲ್ಲೂ ಚಿತ್ರೀಕರಣ ನಡೆಯಿತು. ಪೆಗ್ಗಿ ವಹಿಸಿದ ಮಿಸೆಸ್ ಮೂರ್, ಬೆಳದಿಂಗಳ ಮಸೀದಿಯಲ್ಲಿ ವೈದ್ಯ ಅಜೀಜ್‌ನೊಡನೆ ಸಹಜವಾಗಿ ಸ್ನೇಹ ಬೆಳೆಸುವ ಹಿರಿಯಳು. ಗುಹೆಯೊಳಗಿನ ಪ್ರತಿಧ್ವನಿಯಿಂದ ತತ್ತರಿಸಿ ಹೊರಬಂದ ಮೇಲೆ ಅವಳಿಗೆ ಜಗತ್ತಿನ ಎಲ್ಲ ಮಾತೂ ಅರ್ಥ ಕಳೆದುಕೊಂಡಂತೆ ಕಾಣುತ್ತದೆ. ದೊಡ್ಡ ಬಂಡೆಯ ಮುಂದೆ ಒಂಟಿಯಾಗಿ ಕುಳಿತ ಆ ಮುದುಕಿಯ ದಣಿವನ್ನು ಅವರು ಒಂದು ಉಸಿರಿನಲ್ಲಿ, ಒಂದು ನೋಟದಲ್ಲಿ ಹಿಡಿದಿದ್ದಾರೆ. ಇದಕ್ಕಾಗಿ 1985ರ ಮಾರ್ಚ್ 25ರಂದು ಅತ್ಯುತ್ತಮ ಪೋಷಕ ನಟಿಯ ಆಸ್ಕರ್ ಅವರಿಗೆ ದೊರೆಯಿತು; ಆ ವಿಭಾಗದಲ್ಲಿ ಪ್ರಶಸ್ತಿ ಪಡೆದ ಅತಿ ಹಿರಿಯರೆಂಬ ದಾಖಲೆಯೂ ಅವರದಾಯಿತು. ಸಮಾರಂಭಕ್ಕೆ ಅವರು ಹೋಗಿರಲಿಲ್ಲ. ಅವರ ಪರವಾಗಿ ನಟಿ ಆಂಜೆಲಾ ಲ್ಯಾನ್ಸ್‌ಬರಿ ಪ್ರಶಸ್ತಿಯನ್ನು ಸ್ವೀಕರಿಸಿದರು.

ಮುಂದೆ ‘ಮೇಡಮ್ ಸೂಸಾಟ್ಸ್ಕ’ ಚಿತ್ರದಲ್ಲಿ ಶಬಾನಾ ಆಜ್ಮಿ ಅವರೊಡನೆ ಅಭಿನಯಿಸಿದ ಪೆಗ್ಗಿ, 1989ರಲ್ಲಿ ಇನ್ನೊಂದು ಚಿತ್ರಕ್ಕಾಗಿ ವೆನಿಸ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಅದರ ಸಹನಟಿಯೊಡನೆ ಹಂಚಿಕೊಂಡರು. 1991ರ ಜೂನ್ 14ರಂದು, 83ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡರು. ಹುಟ್ಟೂರಾದ ಕ್ರಾಯ್ಡನ್‌ನಲ್ಲಿ ಅವರ ಹೆಸರಿನ ರಂಗಮಂದಿರವೊಂದು 1962ರಿಂದಲೇ ಇದೆ. ಷೇಕ್ಸ್‌ಪಿಯರ್ ಕೊನೆಯ ದಿನಗಳನ್ನು ಕಳೆದ ಮನೆ ಇದ್ದ ಸ್ಟ್ರಾಟ್‌ಫರ್ಡ್‌ನ ತೋಟದಲ್ಲಿ 1969ರಲ್ಲಿ ಅವರು ಹಿಪ್ಪುನೇರಳೆಯ ಗಿಡವೊಂದನ್ನು ನೆಟ್ಟಿದ್ದರು. ಅವರ ಚಿತಾಭಸ್ಮವನ್ನು ಅದರ ಬುಡದ ಸುತ್ತ ಹರಡಲಾಯಿತು.